ನಿದ್ದೆಗೆಟ್ಟ ನೊಣಗಳ ಕೋಣೆಯಲ್ಲಿ

ಈ ಕೆಲಸಕ್ಕೆ ಸೇರುವವರಿಗೆ ಯಾರೂ ಮುಂಚಿತವಾಗಿ ಹೇಳದ ಸಂಗತಿ ಅದರ ವಾಸನೆ. ಬೇಯುವ ಮೆಕ್ಕೆಜೋಳದ ಹಿಟ್ಟು, ಈಸ್ಟ್, ಬೂಷ್ಟು ಹಿಡಿಯದಿರಲೆಂದು ಕೊನೆಯಲ್ಲಿ ಬೆರೆಸುವ ಘಾಟು ಆಮ್ಲ, ಮೂರೂ ಸೇರಿ ಕೂದಲಿಗೆ, ಸ್ವೆಟರಿಗೆ, ಊಟದ ಡಬ್ಬಿಯ ಚೀಲಕ್ಕೆ ಹತ್ತಿಕೊಳ್ಳುತ್ತವೆ. ಮೊದಲ ಆರು ತಿಂಗಳು ನಾನು ಸೈಕಲ್ ನಿಲ್ಲಿಸಿ ಮನೆಯೊಳಗೆ ಕಾಲಿಟ್ಟ ಕೂಡಲೇ ನನ್ನ ಯಜಮಾನರು ರಘು, "ಏನೇ, ಇವತ್ತೂ ಹಳಸಿದ ಇಡ್ಲಿ ಹಿಟ್ಟಲ್ಲಿ ಬಿದ್ದು ಬಂದ್ಯಾ?" ಎನ್ನುತ್ತಿದ್ದರು. ಆಮೇಲೆ ಅವರಿಗೂ ಅಭ್ಯಾಸವಾಯಿತು. ಕಳೆದ ಮಾರ್ಚ್‌ನಲ್ಲಿ ನಾನು ನಿವೃತ್ತಳಾದ ಮೇಲೆ ಒಂದು ದಿನ ಅವರೇ, "ಮನೇಲಿ ಏನೋ ಕಮ್ಮಿ ಆಗಿದೆ ಕಣೆ, ಏನು ಅಂತ ಗೊತ್ತಾಗ್ತಿಲ್ಲ" ಎಂದರು. ನನಗೆ ಗೊತ್ತಾಯಿತು. ಹೇಳಲಿಲ್ಲ.

ಜಪಾನಿನ ತ್ಸುಕುಬಾದ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ನಾನು ಹಣ್ಣಿನ ನೊಣಗಳನ್ನು ಸಾಕಿದೆ. ಬಾಳೆಹಣ್ಣು ಕಳಿತರೆ ಎಲ್ಲಿಂದಲೋ ಬಂದು ಸುತ್ತುತ್ತವಲ್ಲ, ಎಳ್ಳುಕಾಳಿನಷ್ಟು ಗಾತ್ರದ, ಕೆಂಪು ಕಣ್ಣಿನ ನೊಣಗಳು, ಅವು. ಯಾವ ಜೀನ್ ಕೆಟ್ಟರೆ ಅವುಗಳ ನಿದ್ದೆ ಕೆಡುತ್ತದೆ, ಅವುಗಳ ಮಿದುಳಿನ ಯಾವ ನರಕೋಶಗಳು ಮಲಗಿಸುತ್ತವೆ, ಯಾವುವು ಎಬ್ಬಿಸುತ್ತವೆ ಎಂದು ಹುಡುಕುವುದು ಅಲ್ಲಿಯ ವಿಜ್ಞಾನಿಗಳ ಕೆಲಸ. ನಾನು ವಿಜ್ಞಾನಿಯಲ್ಲ, ತಾಂತ್ರಿಕ ಸಹಾಯಕಿ. ನೊಣಗಳಿಗೆ ಅಡುಗೆ ಮಾಡುವುದು, ಸೀಸೆ ತೊಳೆಯುವುದು, ನೂರಾರು ತಳಿಗಳು ಒಂದಕ್ಕೊಂದು ಬೆರೆಯದಂತೆ ತಲೆಮಾರಿನಿಂದ ತಲೆಮಾರಿಗೆ ಕಾಪಾಡುವುದು ನನ್ನ ಪಾಲಿನದು.

ಇದನ್ನು ಬರೆಯಲು ಹೇಳಿದವಳು ಮೇಘನಾ. ಮೈಸೂರಿನ ಹುಡುಗಿ, ಈ ವರ್ಷ ತ್ಸುಕುಬಾಕ್ಕೆ ಸಂಶೋಧನೆಗೆಂದು ಬಂದು ನೊಣದ ಕೋಣೆಗೆ ಸೇರಿದ್ದಾಳೆ. ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದೆ. ಬಿಸಿಬೇಳೆ ಬಾತ್ ಎರಡನೆಯ ಸಲ ಬಡಿಸಿಕೊಳ್ಳುತ್ತ, "ಆಂಟಿ, ಕೆಲಸ ಹೇಗೆ ಮಾಡ್ಬೇಕು ಅನ್ನೋ ಪ್ರೊಟೊಕಾಲ್ ಎಲ್ಲಾ ಪಿಡಿಎಫ್‌ನಲ್ಲಿ ಇದೆ. ಅದ್ರಲ್ಲಿ ಇಲ್ದೇ ಇರೋದು ಏನಾದ್ರೂ ಇದ್ರೆ ಹೇಳಿ" ಎಂದಳು. ಪಿಡಿಎಫ್‌ನಲ್ಲಿ ಇಲ್ಲದ್ದು ಬಹಳ ಇದೆ. ನೆನಪಿಗೆ ಬಂದಂತೆ ಬರೆಯುತ್ತೇನೆ.

ನಾನು ಈ ಕೆಲಸಕ್ಕೆ ಬಂದದ್ದು ಬೇಸರದಿಂದ. ರಘು ಅವರನ್ನು ಸಾಫ್ಟ್‌ವೇರ್ ಕಂಪನಿಯವರು ಟೋಕಿಯೋಗೆ ಕಳಿಸಿದ್ದರು. ಭಾರತದಿಂದ ಬಂದ ನಮ್ಮವರೆಲ್ಲ ಟೋಕಿಯೋದ ಎಡೋಗಾವಾದಲ್ಲಿ ಮನೆ ಮಾಡಿದರೆ, ಬಾಡಿಗೆಗೆ ದೊಡ್ಡ ಮನೆ ಸಿಕ್ಕಿತೆಂದು ನಾವು ತ್ಸುಕುಬಾದಲ್ಲಿ ಉಳಿದೆವು. ಮಗಳು ಅನಘಾ ಶಿಶುವಿಹಾರಕ್ಕೆ ಹೋದ ಮೇಲೆ ಮನೆಯಲ್ಲಿ ಮಾತಿಗೆ ಜನವಿರಲಿಲ್ಲ. ಮೂಲೆಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೋದರೆ ಅಲ್ಲಿಯ ಹುಡುಗಿ ಅರಿಗಾತೋ ಎಂದು ಧನ್ಯವಾದ ಹೇಳುವುದೇ ದಿನದ ದೊಡ್ಡ ಸಂಭಾಷಣೆ. ಒಂದು ದಿನ ಶಿಶುವಿಹಾರದ ಫಲಕದಲ್ಲಿ, ಹತ್ತಿರದ ಪ್ರಯೋಗಾಲಯಕ್ಕೆ ಅರ್ಧ ದಿನದ ಸಹಾಯಕರು ಬೇಕೆಂದು ಇಂಗ್ಲಿಷಿನಲ್ಲೂ ಬರೆದ ಚೀಟಿ ಕಂಡಿತು. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಓದಿದ್ದೆ. ಹೋದೆ.

ಅಲ್ಲಿಯ ಮುಖ್ಯಸ್ಥರು ಮಾತ್ಸುನಾಗಾ ಸೆನ್ಸೇ. ಸೆನ್ಸೇ ಅಂದರೆ ಗುರುಗಳು, ಪ್ರೊಫೆಸರರನ್ನು ಅಲ್ಲಿ ಹಾಗೆಯೇ ಕರೆಯುವುದು. ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಸಂದರ್ಶನದಲ್ಲಿ ಅವರು ನನ್ನ ಸರ್ಟಿಫಿಕೇಟು ನೋಡಲೇ ಇಲ್ಲ. ಒಂದು ತೆಳು ಗಾಜಿನ ನಳಿಗೆಯನ್ನು ಕೈಗೆ ಕೊಟ್ಟು, "ಇದರಲ್ಲಿರುವ ನೊಣ ಏನು ಮಾಡುತ್ತಿದೆ?" ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು.

ನೋಡಿದೆ. ನಳಿಗೆಯ ಒಂದು ತುದಿಯಲ್ಲಿ ಆಹಾರ, ಇನ್ನೊಂದು ತುದಿಯಲ್ಲಿ ಹತ್ತಿ. ಆಹಾರದ ಹತ್ತಿರ ನೊಣ ಕಾಲು ಬಗ್ಗಿಸಿ ಕುಳಿತಿತ್ತು.

"ಸುಮ್ಮನೆ ಕೂತಿದೆ" ಎಂದೆ.

"ಮಲಗಿದೆ" ಎಂದರು. "ಮಧ್ಯಾಹ್ನ ಒಂದು ಗಂಟೆ. ಇದು ಅದರ ಮಧ್ಯಾಹ್ನದ ನಿದ್ದೆ. ಮೆಲ್ಲಗೆ ತಟ್ಟಿ."

ಬೆರಳ ತುದಿಯಿಂದ ತಟ್ಟಿದೆ. ಅಲ್ಲಾಡಲಿಲ್ಲ. ಸ್ವಲ್ಪ ಜೋರಾಗಿ ತಟ್ಟಿದಾಗ ಬೆಚ್ಚಿ ಎದ್ದು ಓಡಾಡಿತು. ನನಗೆ ಯಾರದೋ ಮನೆಯ ಮಗುವನ್ನು ಎಬ್ಬಿಸಿದ ಹಾಗಾಗಿ ಬಾಯಿಂದ "ಸುಮಿಮಾಸೆನ್" ಎಂಬ ಮಾತು ಹೊರಬಿತ್ತು. ಕ್ಷಮೆ ಕೇಳಿದ್ದು ನೊಣದ ಬಳಿ. ಸೆನ್ಸೇ ನಕ್ಕು, ಸೋಮವಾರದಿಂದ ಬನ್ನಿ ಎಂದರು. ಸುಮಂಗಲಾ ಎಂಬ ನನ್ನ ಹೆಸರು ಅವರ ಬಾಯಿಗೆ ಉದ್ದವಾಯಿತು. ಆವತ್ತಿನಿಂದ ನಾನು ಸುಮಾ-ಸಾನ್. ಸಾನ್ ಎನ್ನುವುದು ಅಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು.

ನೊಣ ಐದು ನಿಮಿಷ ಅಲುಗಾಡದೆ ಇದ್ದರೆ ಅದನ್ನು ನಿದ್ದೆಯೆಂದು ಎಣಿಸುತ್ತಿದ್ದೆವು. ಕಣ್ಣಿಗೆ ಕಾಣದ ಅತಿಗೆಂಪು ಕಿರಣವೊಂದು ನಳಿಗೆಯ ನಡುವೆ ಹಾದುಹೋಗುತ್ತದೆ. ನೊಣ ಅದನ್ನು ದಾಟಿದಾಗಲೆಲ್ಲ ಕಂಪ್ಯೂಟರು ಒಂದು ಗುರುತು ಹಾಕುತ್ತದೆ. ಕೆಲವು ತಳಿಗಳು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗುತ್ತಿದ್ದವು. ನಿದ್ದೆ ಕೆಡಿಸಲು ಅಲ್ಲಾಡಿಸುವ ಯಂತ್ರದ ಮೇಲಿಟ್ಟರೆ ಮಾರನೆಯ ದಿನ ಬೆಳಿಗ್ಗೆ ಬಿಟ್ಟ ನಿದ್ದೆಯನ್ನು ಪೂರ್ತಿ ಮಾಡಿಕೊಳ್ಳುತ್ತಿದ್ದವು. ಊರಿಗೆ ಫೋನ್ ಮಾಡಿ ಇದನ್ನು ಹೇಳಿದರೆ ನಮ್ಮಮ್ಮ, "ಇದನ್ನ ನೋಡೋಕೆ ನಿನಗೆ ಸಂಬಳ ಕೊಡ್ತಾರಾ?" ಎಂದು ನಿಜವಾದ ಚಿಂತೆಯಿಂದ ಕೇಳಿದ್ದರು.

ಮೊದಲ ವರ್ಷದ ನನ್ನ ಅವಾಂತರ ಸಕ್ಕರೆಯದು. ನಳಿಗೆಗಳಿಗೆ ಹಾಕುವ ಆಹಾರ ಬಹಳ ಸರಳ. ನೀರು, ಗಟ್ಟಿಯಾಗಲು ಅಗರ್, ಮತ್ತೆ ಸಕ್ಕರೆ. ಒಂದು ಸಲ ಎರಡು ಪಾತ್ರೆಯಲ್ಲಿ ಮಾಡಿದೆ. ಎರಡು ದಿನದ ಮೇಲೆ ಪ್ರಯೋಗಾಲಯದಲ್ಲಿ ಹಬ್ಬದ ವಾತಾವರಣ. ಹೊಸದಾಗಿ ಪರೀಕ್ಷೆಗೆ ಹಾಕಿದ್ದ ತಳಿಯೊಂದು ಹೆಚ್ಚುಕಡಿಮೆ ನಿದ್ದೆಯನ್ನೇ ಮಾಡುತ್ತಿಲ್ಲ! ಹೋಲಿಕೆಗೆಂದು ಇಟ್ಟ ಮಾಮೂಲಿ ನೊಣಗಳು ಹಾಯಾಗಿ ಮಲಗಿವೆ. ಎಲ್ಲರೂ ಕಂಪ್ಯೂಟರಿನ ಮುಂದೆ ಗುಂಪುಗೂಡಿದ್ದರು. ಮೂರನೆಯ ದಿನ ಆ ಹೊಸ ತಳಿಯ ನೊಣಗಳೆಲ್ಲ ಸತ್ತುಬಿದ್ದಿದ್ದವು.

ಸೆನ್ಸೇ ಒಂದು ನಳಿಗೆ ಎತ್ತಿ, ಆಹಾರದ ಚೂರನ್ನು ಬೆರಳಿಗೆ ತೆಗೆದು, ನಾವೆಲ್ಲ ನೋಡುತ್ತಿದ್ದ ಹಾಗೆಯೇ ನಾಲಿಗೆಗೆ ಇಟ್ಟುಕೊಂಡರು. ಆಮೇಲೆ ಇನ್ನೊಂದರಿಂದ ತೆಗೆದು ರುಚಿ ನೋಡಿದರು.

"ಸುಮಾ-ಸಾನ್, ಇದು ಸಿಹಿ. ಇದು ಸಿಹಿಯಲ್ಲ."

ಒಂದು ಪಾತ್ರೆಗೆ ಸಕ್ಕರೆ ಹಾಕುವುದೇ ಮರೆತಿದ್ದೆ. ನೊಣಗಳು ಹಸಿವಿನಿಂದ ಆಹಾರ ಹುಡುಕಿ ಓಡಾಡಿದ್ದವು, ಜೀನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಸೆನ್ಸೇ ಬೈಯಲಿಲ್ಲ. "ಹಸಿದವರಿಗೆ ನಿದ್ದೆ ಬರುವುದಿಲ್ಲ. ಇದೂ ಒಂದು ಫಲಿತಾಂಶ. ಆದರೆ ಇದನ್ನು ಬೇರೆಯವರು ಆಗಲೇ ಕಂಡುಹಿಡಿದಿದ್ದಾರೆ" ಎಂದು ಕೈ ತೊಳೆಯಲು ಹೋದರು. ಅಂದಿನಿಂದ ಪ್ರತಿ ಪಾತ್ರೆಯ ಪಕ್ಕ ಖಾಲಿ ಸಕ್ಕರೆ ಬಟ್ಟಲನ್ನು ಬೋರಲು ಹಾಕಿಟ್ಟ ಮೇಲೆಯೇ ಒಲೆ ಹಚ್ಚುತ್ತಿದ್ದೆ. ಮೇಘನಾ, ಇದು ಪಿಡಿಎಫ್‌ನಲ್ಲಿ ಇಲ್ಲ.

ಈಗ ವಿಧಾನಗಳು ಬಹಳ ಬದಲಾಗಿವೆ. ಕಿರಣದ ಜಾಗಕ್ಕೆ ಕ್ಯಾಮೆರಾ ಬಂದಿದೆ. ಬೇಕಾದ ನರಕೋಶಗಳಿಗೆ ಮಾತ್ರ ಬೆಳಕಿಗೆ ಸ್ಪಂದಿಸುವ ಗುಣವನ್ನು ಕೊಟ್ಟು, ದೀಪ ಹಾಕಿ ಆ ಕೋಶಗಳನ್ನು ಚುರುಕುಗೊಳಿಸಬಹುದು. ಮಿದುಳಿನ ನಡುವೆ ಬೀಸಣಿಗೆಯ ಆಕಾರದ ಒಂದು ಭಾಗವಿದೆ. ಅಲ್ಲಿಗೆ ಹೋಗುವ ಬೆರಳೆಣಿಕೆಯಷ್ಟು ಕೋಶಗಳನ್ನು ಹಾಗೆ ಚುರುಕುಗೊಳಿಸಿದಾಗ, ಓಡಾಡುತ್ತಿದ್ದ ನೊಣಗಳು ಒಂದೊಂದಾಗಿ ನಿಂತು ಮಲಗಿದ್ದನ್ನು ಮೊದಲ ಸಲ ಕಂಡ ದಿನ ನಾನು ಊಟ ಮರೆತೆ. ಆ ಪ್ರಯೋಗಕ್ಕೆ ಆಹಾರದಲ್ಲಿ ಒಂದು ಹಳದಿ ಪದಾರ್ಥ ಬೆರೆಸಿ ಕತ್ತಲಲ್ಲಿ ಇಡಬೇಕು, ಇಲ್ಲವಾದರೆ ಏನೂ ಆಗುವುದಿಲ್ಲ. ಎಷ್ಟೇ ದೊಡ್ಡ ಯಂತ್ರ ಬಂದರೂ ಕೊನೆಗೆ ಅದು ನನ್ನ ಅಡುಗೆಮನೆಯ ಮೂಲಕವೇ ಹಾದುಹೋಗುತ್ತಿತ್ತು.

ಆದರೆ ನಾನು ಹೇಳಬೇಕೆಂದಿರುವುದು ಒಗಾವಾ-ಸಾನ್ ಅವರ ನೊಣಗಳ ವಿಷಯ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿದ್ದು ಅದೊಂದೇ.

ಅದು ನನ್ನ ಆರನೆಯ ವರ್ಷ. ಒಗಾವಾ ನಾತ್ಸುಮಿ ಪಿಎಚ್.ಡಿ. ವಿದ್ಯಾರ್ಥಿನಿ. ಸಣ್ಣ ಮೈಕಟ್ಟು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿಕೊಳ್ಳುವ ಹುಡುಗಿ. ನೂರಾರು ತಳಿಗಳನ್ನು ಒಂದೊಂದಾಗಿ ನಳಿಗೆಗೆ ಹಾಕಿ, ಮೂರು ವರ್ಷ ಹುಡುಕಿ, ಅವಳು ಒಂದು ತಳಿಯನ್ನು ಕಂಡುಹಿಡಿದಿದ್ದಳು. ನಂಬರ್ ಎಪ್ಪತ್ತೆರಡು. ಮಾಮೂಲಿ ನೊಣಗಳು ಮಲಗುವುದರ ಮೂರನೆಯ ಒಂದು ಪಾಲು ಮಾತ್ರ ಮಲಗಿ, ಉಳಿದ ಹೊತ್ತೆಲ್ಲ ಓಡಾಡುವ ನೊಣಗಳು. ಹಸಿವೂ ಇಲ್ಲ, ರೋಗವೂ ಇಲ್ಲ. ನರಕೋಶದ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಮಾಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಆ ಬಾಗಿಲು ಸರಿಯಾಗಿ ಕೆಲಸ ಮಾಡದೆ ನರಕೋಶ ತಣ್ಣಗಾಗುವುದೇ ಇಲ್ಲ, ಆದ್ದರಿಂದ ನೊಣಕ್ಕೆ ನಿದ್ದೆಯಿಲ್ಲ. ಅವಳ ಇಡೀ ಪ್ರಬಂಧ ನಿಂತಿದ್ದು ಆ ಒಂದು ತಳಿಯ ಮೇಲೆ. ಆ ತಳಿಯನ್ನು ಕಾಪಾಡುವ ಹೊಣೆ ನನ್ನದು.

ತಳಿ ಕಾಪಾಡುವುದೆಂದರೆ ಹದಿನೈದು ದಿನಕ್ಕೊಮ್ಮೆ ನೊಣಗಳನ್ನು ಹಳೆಯ ಸೀಸೆಯಿಂದ ಹೊಸ ಆಹಾರದ ಸೀಸೆಗೆ ದಾಟಿಸುವುದು. ಪ್ರತಿ ತಳಿಗೂ ಎರಡು ಸೀಸೆ, ಒಂದು ಬಳಕೆಗೆ, ಇನ್ನೊಂದು ತಂಪಾದ ಕಪಾಟಿನಲ್ಲಿ ಆಪತ್ಕಾಲಕ್ಕೆ. ಆ ವರ್ಷದ ಜೂನ್‌ನಲ್ಲಿ ಅನಘಾಗೆ ಜ್ವರ ಬಂತು. ನಾನು ಒಂದು ವಾರ ರಜೆ ಹಾಕಿದೆ. ಹಿಂದಿರುಗಿ ಬಂದು ತಂಪು ಕಪಾಟು ತೆರೆದರೆ ಎಪ್ಪತ್ತೆರಡರ ಆಪತ್ಕಾಲದ ಸೀಸೆಯಲ್ಲಿ ಬಿಳಿ ಬೂಷ್ಟು ತುಂಬಿ, ಒಂದು ಮರಿಯೂ ಉಳಿದಿರಲಿಲ್ಲ. ಪರವಾಗಿಲ್ಲ, ಬಳಕೆಯ ಸೀಸೆಯಿಂದ ಇನ್ನೊಂದು ಮಾಡಿದರಾಯಿತು ಎಂದುಕೊಂಡೆ. ಆ ಸೀಸೆಯಿದ್ದ ತಟ್ಟೆಯನ್ನು ಎತ್ತಿಕೊಂಡು ಮೇಜಿನತ್ತ ಬರುತ್ತಿದ್ದೆ.

ಅಷ್ಟರಲ್ಲಿ ನೆಲ ಅಲುಗಿತು. ದೊಡ್ಡ ಭೂಕಂಪವೇನಲ್ಲ, ಆ ಊರಿನಲ್ಲಿ ತಿಂಗಳಿಗೊಮ್ಮೆ ಬರುವಂಥದು. ಆದರೆ ಕೈಯಲ್ಲಿ ತಟ್ಟೆಯಿತ್ತು. ಎರಡು ಸೀಸೆ ಕೆಳಗೆ ಬಿದ್ದವು. ಪ್ಲಾಸ್ಟಿಕ್ಕಿನವು, ಒಡೆಯಲಿಲ್ಲ, ಆದರೆ ಸ್ಪಂಜಿನ ಬಿರಡೆ ಎರಡರಿಂದಲೂ ಹಾರಿಹೋಯಿತು. ಒಂದು ಎಪ್ಪತ್ತೆರಡು. ಇನ್ನೊಂದು ಮಾಮೂಲಿ ನೊಣಗಳ ಸೀಸೆ. ಎರಡೂ ಬಾಯಿಗೆ ಬಾಯಿ ಹಚ್ಚಿಕೊಂಡ ಹಾಗೆ ನೆಲದ ಮೇಲೆ ಉರುಳುತ್ತಿದ್ದವು.

ನಿಯಮ ಸ್ಪಷ್ಟವಾಗಿತ್ತು. ಬಾಯಿ ತೆರೆದ ಸೀಸೆಯನ್ನು ಎಸೆಯಬೇಕು, ಆಪತ್ಕಾಲದ ಸೀಸೆಯಿಂದ ಹೊಸದಾಗಿ ಶುರುಮಾಡಬೇಕು, ಆ ತಳಿಯ ಮೇಲೆ ಕೆಲಸ ಮಾಡುವವರಿಗೆ ತಿಳಿಸಬೇಕು. ಆಪತ್ಕಾಲದ ಸೀಸೆಯನ್ನು ನಾನು ಆಗತಾನೇ ಕಸಕ್ಕೆ ಹಾಕಿದ್ದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡನ್ನೂ ಎತ್ತಿಕೊಂಡು ಬಿರಡೆ ಹಾಕಿದೆ. ಒಳಗೆ ಇದ್ದವು ಇದ್ದ ಹಾಗೆಯೇ ಇವೆ, ಹಾರಿದವು ಹೊರಗೆ ಹಾರಿದವು, ಒಂದರೊಳಗಿನದು ಇನ್ನೊಂದರೊಳಗೆ ಹೋಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಹೇಳಲಿಲ್ಲ.

ಆಗಸ್ಟ್ ಕೊನೆಯ ವಾರ ಒಗಾವಾ-ಸಾನ್ ಕೊನೆಯದೊಂದು ಸಲ ಎಪ್ಪತ್ತೆರಡರ ಪರೀಕ್ಷೆ ಮಾಡಿದಳು. ಡಿಸೆಂಬರ್‌ನಲ್ಲಿ ಪ್ರಬಂಧ ಒಪ್ಪಿಸಬೇಕಿತ್ತು. ಬೆಳಿಗ್ಗೆ ನಾನು ಸೀಸೆ ತೊಳೆಯುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಅವಳು ಸದ್ದಿಲ್ಲದೆ ಕುಳಿತಿದ್ದು ಕಾಣಿಸಿತು. ಹೋಗಿ ನೋಡಿದೆ. ಕಂಪ್ಯೂಟರಿನಲ್ಲಿ ಎರಡು ಗೆರೆ, ಮಾಮೂಲಿ ನೊಣದ್ದೊಂದು, ಎಪ್ಪತ್ತೆರಡರದೊಂದು. ಒಂದರ ಮೇಲೊಂದು ಕೂತಿದ್ದವು.

"ಸುಮಾ-ಸಾನ್, ಇವು ಮಲಗುತ್ತಿವೆ" ಎಂದಳು. "ಚೆನ್ನಾಗಿ ಮಲಗುತ್ತಿವೆ."

ನಾನು ತಿರುಗಿ ಸೀಸೆ ತೊಳೆಯಲು ಹೋದೆ.

ಅವಳು ಮೊದಲು ಯಂತ್ರವನ್ನು ಅನುಮಾನಿಸಿದಳು. ಆಮೇಲೆ ಕಪಾಟಿನ ಉಷ್ಣತೆಯನ್ನು, ದೀಪದ ಹೊತ್ತನ್ನು, ಆಹಾರವನ್ನು. ಸಕ್ಕರೆ ಹಾಕಿದ್ದೀರಾ ಎಂದು ಅತ್ಯಂತ ನಯವಾಗಿ ಕೇಳಿದಳು. ಹಾಕಿದ್ದೆ. ನಾಲ್ಕನೆಯ ದಿನ ಸೆನ್ಸೇ ನನ್ನ ಹಿಂದೆ ಬಂದು ನಿಂತರು. ಸದ್ದಿಲ್ಲದೆ ಬೆನ್ನ ಹಿಂದೆ ನಿಲ್ಲುವುದು ಅವರ ಕೆಟ್ಟ ಅಭ್ಯಾಸ.

"ಸುಮಾ-ಸಾನ್, ಎಪ್ಪತ್ತೆರಡರ ಸೀಸೆಗೆ ಏನೂ ಆಗಿಲ್ಲ, ಅಲ್ಲವೇ?"

"ಹಾಯ್, ದಾಯ್‌ಜೋಬು ದೆಸು" ಎಂದೆ. ಹೌದು, ಏನೂ ತೊಂದರೆಯಿಲ್ಲ. ಜಪಾನಿ ಭಾಷೆಯಲ್ಲಿ ನಾನು ತಡವರಿಸದೆ ಹೇಳಬಲ್ಲ ಕೆಲವೇ ವಾಕ್ಯಗಳಲ್ಲಿ ಅದೊಂದು. ಅದಕ್ಕೇ ಅಷ್ಟು ಬೇಗ ಬಾಯಿಗೆ ಬಂತೋ ಏನೋ.

ನನ್ನ ಕೆಲಸ ಪ್ರತಿ ಮಾರ್ಚ್‌ನಲ್ಲಿ ನವೀಕರಣವಾಗುವ ಒಪ್ಪಂದದ್ದು. ಹೇಳಿದರೆ ಮುಂದಿನ ಮಾರ್ಚ್‌ಗೆ ಮನೆಯೇ. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಒಗಾವಾ-ಸಾನ್ ಅವರ ಮುಖ. ಅವಳು ಊಟದ ಡಬ್ಬಿ ತೆರೆದು, ನೋಡಿ, ಮತ್ತೆ ಮುಚ್ಚಿಡುತ್ತಿದ್ದಳು. ತನ್ನ ಮೂರು ವರ್ಷದ ಕೆಲಸದಲ್ಲೇ ಎಲ್ಲೋ ತಪ್ಪಾಗಿದೆ, ಆ ಜೀನಿಗೂ ನಿದ್ದೆಗೂ ಸಂಬಂಧವೇ ಇಲ್ಲವೇನೋ ಎಂದು ಅನುಮಾನಿಸಲು ಶುರುಮಾಡಿದ್ದಳು. ಆ ಅನುಮಾನ ಸುಳ್ಳೆಂದು ಹೇಳಬಲ್ಲ ಮಾತು ನನ್ನ ಬಾಯಲ್ಲಿತ್ತು, ನಾನು ಆಡುತ್ತಿರಲಿಲ್ಲ.

ಹತ್ತನೆಯ ದಿನ, ಶನಿವಾರ ಬೆಳಿಗ್ಗೆ, ರಘು ಅವರಿಗೆ ಎಲ್ಲ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಹೋಗಿ ಹೇಳ್ಬಿಡೆ. ನಮ್ಮಲ್ಲಿ ಕೋಡ್ ಕೆಡಿಸಿದವನು ನಾನೇ ಕೆಡಿಸ್ದೆ ಅಂದ್ರೆ ಅರ್ಧ ದಿನದ ಕೆಲಸ. ಅವನು ಬಾಯಿ ಮುಚ್ಕೊಂಡ್ರೆ ಹತ್ತು ಜನ ಒಂದು ತಿಂಗ್ಳು ಹುಡುಕ್ಬೇಕು."

"ಕೆಲಸದಿಂದ ತೆಗೆದ್ರೆ?"

"ತೆಗೆದ್ರೆ ಮನೇಲಿರು. ಈ ಹತ್ತು ದಿನ ನೀನು ಮನೇಲಿ ಇದ್ದೂ ಇಲ್ದಂಗಿದ್ದೀಯ."

ಆಗಲೇ ಸೈಕಲ್ ಹತ್ತಿದೆ. ಶನಿವಾರವಾದರೂ ಇಬ್ಬರೂ ಅಲ್ಲಿರುತ್ತಾರೆಂದು ಗೊತ್ತಿತ್ತು. ಸೆನ್ಸೇ ಅವರ ಕೋಣೆಯಲ್ಲಿ ಒಗಾವಾ-ಸಾನ್ ಕುಳಿತಿದ್ದಳು, ಮೇಜಿನ ಮೇಲೆ ಹಾಳೆಗಳು ಹರಡಿದ್ದವು. ನಾನು ಬಾಗಿಲಲ್ಲೇ ನಿಂತು ಹೇಳಿದೆ. ಜಪಾನಿ ಭಾಷೆ ಅರ್ಧಕ್ಕೇ ಕೈಕೊಟ್ಟಿತು, ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಜ್ವರ, ಬೂಷ್ಟು, ಭೂಕಂಪ, ಬಿದ್ದ ಎರಡು ಸೀಸೆ, ಹಾರಿದ ಬಿರಡೆ. ನೀವು ಕೇಳಿದಾಗ ಸುಳ್ಳು ಹೇಳಿದೆ ಎಂಬುದನ್ನೂ ಹೇಳಿದೆ. ಹೇಳಿ ತಲೆ ಬಗ್ಗಿಸಿ ನಿಂತೆ.

ತಲೆ ಎತ್ತಿದಾಗ ಸೆನ್ಸೇ ಕಿಟಕಿಯತ್ತ ನೋಡುತ್ತಿದ್ದರು. ಒಗಾವಾ-ಸಾನ್ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಾನು ಹೆದರಿದ್ದ ಸಿಟ್ಟು ಇರಲಿಲ್ಲ, ಏನೋ ಲೆಕ್ಕ ಹಾಕುತ್ತಿರುವಂತಿತ್ತು.

"ಭೂಕಂಪ ಯಾವತ್ತು?" ಎಂದಳು.

"ಜೂನ್ ಮೂರನೆಯ ವಾರ. ಸೋಮವಾರ. ಅನಘಾ ಶಾಲೆಗೆ ಮತ್ತೆ ಹೋದ ದಿನ."

ಅವಳು ಎದ್ದು ಓಡಿದಳು. ತನ್ನ ದಾಖಲೆ ಪುಸ್ತಕ ತಂದು, ಪುಟ ತಿರುವಿ, ಒಂದು ಕಡೆ ಬೆರಳಿಟ್ಟು ನಿಲ್ಲಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ಸೆನ್ಸೇ, ಕ್ಷಮಿಸಿ. ನಾನೂ ಒಂದು ಹೇಳಿರಲಿಲ್ಲ. ಮೇ ತಿಂಗಳಿನಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದ್ದೆ. ಆಗಲೇ ಎಪ್ಪತ್ತೆರಡು ಮೊದಲಿಗಿಂತ ಹೆಚ್ಚು ಮಲಗುತ್ತಿತ್ತು. ನೊಣಗಳು ಕಡಿಮೆ ಇದ್ದವು, ಆಕಸ್ಮಿಕ ಇರಬೇಕು ಅಂದುಕೊಂಡೆ. ನಿಮಗೆ ತೋರಿಸಲು ಧೈರ್ಯ ಬರಲಿಲ್ಲ."

ಮೇ ತಿಂಗಳು. ನಾನು ಸೀಸೆ ಬೀಳಿಸುವುದಕ್ಕೆ ಒಂದು ತಿಂಗಳ ಮೊದಲು.

ಸೆನ್ಸೇ ಮೇ ತಿಂಗಳ ಪುಟವನ್ನೂ ಆಗಸ್ಟಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಹಾಗಾದರೆ ಸೀಸೆ ಬಿದ್ದದ್ದರಿಂದ ಇದು ಶುರುವಾಗಿಲ್ಲ. ಡಿಎನ್‌ಎ ನೋಡೋಣ. ಸೀಸೆಯಲ್ಲಿರುವುದು ನಮ್ಮ ನೊಣವೋ ಬೇರೆಯವೋ, ಆ ಒಂದು ಅಕ್ಷರ ಹೇಳುತ್ತದೆ."

ಸೋಮವಾರ ಮೂವತ್ತು ನೊಣಗಳನ್ನು ಆರಿಸಿ, ಒಂದೊಂದರಿಂದಲೂ ಡಿಎನ್‌ಎ ತೆಗೆದು ಕಳಿಸಿದೆವು. ಉತ್ತರ ಬರಲು ಮೂರು ದಿನ. ಆ ಮೂರು ದಿನ ನಾನು ತೊಳೆದ ಸೀಸೆಗಳನ್ನೇ ಮತ್ತೆ ತೊಳೆದೆ. ಗುರುವಾರ ಮಧ್ಯಾಹ್ನ ಒಗಾವಾ-ಸಾನ್ ಅಡುಗೆ ಕೋಣೆಯ ಬಾಗಿಲಿಗೆ ಬಂದಳು. ನಾನು ದೊಡ್ಡ ಪಾತ್ರೆಯಲ್ಲಿ ಹಿಟ್ಟು ತಿರುವುತ್ತಿದ್ದೆ, ಗಂಟಾಗುವುದೆಂದು ಕೈ ನಿಲ್ಲಿಸುವ ಹಾಗಿರಲಿಲ್ಲ.

"ಮೂವತ್ತಕ್ಕೆ ಮೂವತ್ತು" ಎಂದಳು. "ಎಲ್ಲದರಲ್ಲೂ ಆ ಅಕ್ಷರ ಬದಲಾಗಿದೆ. ಎಲ್ಲವೂ ಎಪ್ಪತ್ತೆರಡೇ. ಒಂದೂ ಹೊರಗಿನದಲ್ಲ."

ನನ್ನ ಕಣ್ಣಿಂದ ನೀರು ಸುರಿಯತೊಡಗಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪಾತ್ರೆಯ ಹಿಡಿ. ಒಗಾವಾ-ಸಾನ್ ಸೌಟು ಇಸಿದುಕೊಂಡು ತಾನೇ ತಿರುವಿದಳು. ತಿರುವಲು ಬರುತ್ತಿರಲಿಲ್ಲ. ಆ ದಿನದ ಆಹಾರವೆಲ್ಲ ಗಂಟುಗಂಟಾಗಿತ್ತು. ನೊಣಗಳು ದೂರಲಿಲ್ಲ.

ನೊಣ ಅದೇ, ಜೀನಿನಲ್ಲಿ ಅಕ್ಷರವೂ ಅದೇ, ಹಾಗಿದ್ದರೆ ನಿದ್ದೆ ಹೇಗೆ ಮರಳಿ ಬಂತು? ಇದನ್ನು ಸೆನ್ಸೇ ನಮಗೆ ವಿವರಿಸಿದ್ದು ಬಿಳಿಹಲಗೆಯ ಮುಂದೆ. ಸೀಸೆಯೊಳಗೂ ಬದುಕುಳಿಯುವ ಪೈಪೋಟಿ ನಡೆಯುತ್ತಿರುತ್ತದೆ. ನಿದ್ದೆಗೆಟ್ಟ ನೊಣಗಳು ಬೇಗ ಸಾಯುತ್ತವೆ, ಮರಿ ಕಡಿಮೆ. ಅವುಗಳ ನಡುವೆ ಬೇರೆ ಯಾವುದಾದರೂ ಜೀನಿನ ಸಣ್ಣ ವ್ಯತ್ಯಾಸದಿಂದ ಸ್ವಲ್ಪ ಹೆಚ್ಚು ಮಲಗಬಲ್ಲವು ಇದ್ದರೆ ಅವು ಹೆಚ್ಚು ಮರಿ ಮಾಡುತ್ತವೆ. ತಲೆಮಾರು ಕಳೆದಂತೆ ಸೀಸೆಯಲ್ಲಿ ಅವೇ ಉಳಿಯುತ್ತವೆ. ಕೆಟ್ಟ ಬಾಗಿಲು ಕೆಟ್ಟೇ ಇರುತ್ತದೆ, ಆದರೆ ಮನೆಯವರು ಅದಕ್ಕೆ ಹೊಂದಿಕೊಂಡು ಬದುಕುವುದನ್ನು ಕಲಿತುಬಿಡುತ್ತಾರೆ. ನಿದ್ದೆಯೆಂಬುದು ಒಂದೇ ಜೀನಿನ ಕೈಯಲ್ಲಿ ಇಲ್ಲ ಎಂದು ಆ ನೊಣಗಳು ನಮಗೆ ತೋರಿಸಿಕೊಟ್ಟಿದ್ದವು.

"ಹಾಗೆಂದು ಇದು ಊಹೆ" ಎಂದರು ಸೆನ್ಸೇ. "ಊಹೆ ಸರಿಯಿದ್ದರೆ, ಎಪ್ಪತ್ತೆರಡನ್ನು ಮಾಮೂಲಿ ನೊಣಗಳ ಜೊತೆ ಐದಾರು ತಲೆಮಾರು ಕೂಡಿಸಿ, ಪ್ರತಿ ಸಲವೂ ಆ ಅಕ್ಷರ ಇರುವವನ್ನು ಮಾತ್ರ ಆರಿಸಿಕೊಂಡರೆ, ಹೊಂದಾಣಿಕೆಯ ಜೀನುಗಳೆಲ್ಲ ತೊಳೆದುಹೋಗಿ ಮತ್ತೆ ನಿದ್ದೆ ಕೆಡಬೇಕು."

ಐದಾರು ತಲೆಮಾರೆಂದರೆ ಎರಡು ತಿಂಗಳ ಮೇಲೆ. ಆಮೇಲೆ ಪರೀಕ್ಷೆ, ಬರವಣಿಗೆ. ಡಿಸೆಂಬರ್ ಕೈತಪ್ಪಿತು. ಒಗಾವಾ-ಸಾನ್ ಪದವಿಯನ್ನು ಅರ್ಧ ವರ್ಷ ಮುಂದಕ್ಕೆ ಹಾಕಿದಳು. ನಾನು ಅವಳನ್ನು ಕೇಳದೆಯೇ ಆ ಕೆಲಸ ಹಂಚಿಕೊಂಡೆ. ಗೂಡಿನಿಂದ ಹೊರಬಂದ ಕೆಲವೇ ಗಂಟೆಗಳೊಳಗೆ, ಗಂಡಿನ ಜೊತೆ ಕೂಡುವ ಮೊದಲು, ಹೆಣ್ಣು ನೊಣಗಳನ್ನು ಆರಿಸಿ ಬೇರೆ ಇಡಬೇಕು. ಅದಕ್ಕೆ ಶನಿವಾರ ಭಾನುವಾರ ಎಂಬುದಿಲ್ಲ. ಅನಘಾಳನ್ನೂ ಜೊತೆಗೆ ಕರೆದೊಯ್ದು ಮೂಲೆಯಲ್ಲಿ ಹೋಮ್‌ವರ್ಕ್ ಮಾಡಿಸುತ್ತಿದ್ದೆ. ಅವಳು ಒಂದು ದಿನ ಸೂಕ್ಷ್ಮದರ್ಶಕದಲ್ಲಿ ಇಣುಕಿ, "ಅಮ್ಮ, ಕವಾಯಿ!" ಎಂದು ಕೂಗಿದಳು. ನೊಣವನ್ನು ಮುದ್ದಾಗಿದೆ ಎಂದ ಮೊದಲ ವ್ಯಕ್ತಿ ನನಗೆ ತಿಳಿದ ಮಟ್ಟಿಗೆ ನನ್ನ ಮಗಳೇ.

ಡಿಸೆಂಬರ್ ಮೊದಲ ವಾರ ಶುದ್ಧ ಮಾಡಿದ ನೊಣಗಳು ನಳಿಗೆಗೆ ಹೋದವು. ನಾಲ್ಕು ದಿನ ಯಾರೂ ಕಂಪ್ಯೂಟರಿನ ಹತ್ತಿರ ಸುಳಿಯಬಾರದು ಎಂದು ಒಗಾವಾ-ಸಾನ್ ಕಾಗದ ಅಂಟಿಸಿದ್ದಳು. ಐದನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾವು ಮೂವರೂ ಕುಳಿತೆವು. ಅವಳು ಗುಂಡಿ ಒತ್ತಿದಳು. ಎರಡು ಗೆರೆಗಳು ಮೂಡಿದವು. ಮಾಮೂಲಿ ನೊಣಗಳ ಗೆರೆ ಮೇಲೆ. ಎಪ್ಪತ್ತೆರಡರ ಗೆರೆ ಕೆಳಗೆ, ಎಷ್ಟೋ ಕೆಳಗೆ. ಮೊದಲಿದ್ದ ಜಾಗದಲ್ಲೇ.

ಸೆನ್ಸೇ ಕನ್ನಡಕ ತೆಗೆದು ಒರೆಸಿಕೊಂಡರು. ಒಗಾವಾ-ಸಾನ್ ಮೇಜಿನ ಮೇಲೆ ತಲೆಯಿಟ್ಟಳು. ನಾನು ಹೊರಗೆ ಹೋಗಿ ರಘು ಅವರ ಆಫೀಸಿಗೆ ಫೋನ್ ಮಾಡಿದೆ.

"ರೀ, ಒಗಾವಾ ನೊಣ ನಿದ್ದೆ ಮಾಡ್ತಿಲ್ಲ!"

"ಅದು ಒಳ್ಳೇ ಸುದ್ದೀನಾ?"

"ಭಾಳ ಒಳ್ಳೇ ಸುದ್ದಿ ರೀ."

"ಹಂಗಾದ್ರೆ ಸಂಜೆ ಮೈಸೂರ್‌ಪಾಕ್ ಮಾಡು" ಎಂದು ಇಟ್ಟರು.

ಆ ಮಾರ್ಚ್‌ನಲ್ಲಿ ನನ್ನ ಒಪ್ಪಂದ ಎಂದಿನಂತೆ ಮುಂದುವರಿಯಿತು. ಸೆನ್ಸೇ ಆ ವಿಷಯ ಎತ್ತಲೇ ಇಲ್ಲ. ಅವರು ಬೇರೆ ಒಂದು ಕೆಲಸ ಮಾಡಿದರು. ನೊಣದ ಕೋಣೆಯ ಬಾಗಿಲಿಗೆ ದಾರದಲ್ಲಿ ಒಂದು ನೋಟ್‌ಬುಕ್ ಕಟ್ಟಿದರು. ಅದರ ಮೇಲೆ ಒಟೋಶಿಮೊನೋ ಎಂದು ಬರೆದಿದ್ದರು, ಅಂದರೆ ಬಿದ್ದುಹೋದ ವಸ್ತುಗಳು. ರೈಲು ನಿಲ್ದಾಣಗಳಲ್ಲಿ ಕಳೆದುಹೋದ ಕೊಡೆ, ಕೈಗವಸು ಇಡುವ ಕಡೆ ಇರುವ ಪದ ಅದು. ಏನು ಬೀಳಿಸಿದರೂ, ಏನು ಬೆರೆಸಿದರೂ, ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ಬರೆದವರನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ ಎಂದು ಹೇಳಿದರು. ಮೊದಲ ಪುಟದಲ್ಲಿ ನಾನೇ ಬರೆದೆ, ಎರಡು ಸೀಸೆ, ಜೂನ್, ಸುಮಾ. ಒಂದು ವಾರ ಬೇರೆ ಯಾರೂ ಬರೆಯಲಿಲ್ಲ. ನನ್ನ ಹೆಸರು ಒಂಟಿಯಾಗಿ ನೇತಾಡುತ್ತಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ನೋಡಿದರೆ ಅದರ ಕೆಳಗೆ ಅರ್ಧ ಪುಟ ಬರಹ. ಸೆನ್ಸೇ ಅವರ ಅಕ್ಷರ. ನನಗೆ ಎಲ್ಲ ಲಿಪಿಯೂ ಓದಲು ಬರುತ್ತಿರಲಿಲ್ಲ. ಒಗಾವಾ-ಸಾನ್ ಅವರನ್ನು ಕರೆದೆ. ಅವಳು ಒಂದೊಂದೇ ಸಾಲು ಓದಿ ನನಗೆ ಅರ್ಥ ಹೇಳಿದಳು.

"ನಾನು ವಿದ್ಯಾರ್ಥಿಯಾಗಿದ್ದಾಗ ಎರಡು ತಳಿಗಳನ್ನು ಒಂದೇ ಸೀಸೆಗೆ ಹಾಕಿಬಿಟ್ಟೆ. ಯಾರಿಗೂ ಹೇಳಲಿಲ್ಲ. ನನಗಿಂತ ಹಿರಿಯನೊಬ್ಬ ಅದೇ ಸೀಸೆಯಿಂದ ಒಂದು ವರ್ಷ ಕೆಲಸ ಮಾಡಿದ. ಏನೂ ಸಿಗಲಿಲ್ಲ. ತಾನು ದಡ್ಡ ಎಂದುಕೊಂಡು ಈ ಕ್ಷೇತ್ರವನ್ನೇ ಬಿಟ್ಟುಹೋದ. ಅವನಿಗೆ ನಿನ್ನೆ ಪತ್ರ ಬರೆದೆ."

ಓದಿ ಮುಗಿಸಿ ಒಗಾವಾ-ಸಾನ್ ನೋಟ್‌ಬುಕ್ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಯೋಕಟ್ಟಾ" ಎಂದಳು. ಭಾರ ಇಳಿದಾಗ ಜಪಾನಿನವರು ಹೇಳುವ ಮಾತು ಅದು. ನಮ್ಮ ಮನೆಗಳಲ್ಲಾಗಿದ್ದರೆ "ಸದ್ಯ!" ಎನ್ನುತ್ತಿದ್ದೆವು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಅವಳು ಆ ಪದವನ್ನು ಕೇಳಿ, ಬಾಯಲ್ಲಿ ಎರಡು ಸಲ ಆಡಿಸಿ, ನಗತೊಡಗಿದಳು. ನನಗೂ ನಗು ಬಂತು. ಕಾರಿಡಾರಿನಲ್ಲಿ ಬರುತ್ತಿದ್ದ ಸೆನ್ಸೇ ಅವರ ಹೆಜ್ಜೆ ಸದ್ದು ನಮ್ಮ ಬಾಗಿಲ ಹತ್ತಿರ ನಿಂತಿತು. ಒಳಗೆ ಬರಬೇಕೋ ಬೇಡವೋ ಎಂಬಂತೆ ಕೊಂಚ ಹೊತ್ತು ನಿಂತು, ಆಮೇಲೆ ಹಗುರವಾಗಿ ಮುಂದೆ ಹೋಯಿತು.